ಪಂಚಕದ ಕಿಟಕಿ

ಕಿಟಕಿಯ ಎರಡನೇ ಕದವನ್ನೂ ಬಿಚ್ಚಿ ಬಡಿಗ ಮೋನಪ್ಪ ಗೋಡೆಗೆ ಒರಗಿಸುತ್ತಿದ್ದಂತೆ, ಮನೆಯೊಡತಿ ಬೀರವ್ವ ಹಿಂದಿನಿಂದ ತಗ್ಗಿದ ದನಿಯಲ್ಲಿ ಹೇಳಿದಳು: “ಸರಳೂ ಕೊಯ್ದಬಿಡು ಮೋನಪ್ಪಾ. ಹೆಣ ಹಾಯುವಷ್ಟು ಜಾಗ ಆಗಬೇಕು. ಮಿಲ್ಲಿನ ಸಂಜೀ ಭೋಂಗಾ ಕೂಗೂದರಾಗ ಪಂಚಕ ಹತ್ತತೈತಿ. ಆ ನಕ್ಷತ್ರದಾಗ ಹೋದವರನ್ನ ತಲಬಾಗಿಲದಿಂದ ಒಯ್ದರ ಮನ್ಯಾಗ ಇನ್ನೊಂದು ಸಾವು ಆಗತೈತಿ.”

ಕದ ಉಬ್ಬಿದೆ, ಹೆರೆಯಬೇಕು ಎಂದಷ್ಟೇ ಹೇಳಿ ಅವನನ್ನು ಕರೆಸಿದ್ದರು. ಎರಡು ಮೊಳ ದೂರದಲ್ಲಿ ಚಾಪೆಯ ಮೇಲೆ ಸೊಸೆ ರೇಣವ್ವ ವಿಷಮಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಹೊದ್ದ ಕೌದಿ ಇನ್ನೂ ಮೆಲ್ಲಗೆ ಏರಿಳಿಯುತ್ತಿತ್ತು. ಮೋನಪ್ಪ ಕದವನ್ನೆತ್ತಿ ಚೌಕಟ್ಟಿಗೆ ಹೊಂದಿಸಿ, ತಿರುಪು ಬಿಗಿಯತೊಡಗಿದ.

“ಏನ ಮಾಡಾಕತ್ತೀ?” ಎಂದಳು ಬೀರವ್ವ.

“ಜೀವ ಐತ್ರಿ ಅವ್ವಾರ. ಜೀವ ಇದ್ದವರ ಮುಂದ ಈ ಕೆಲಸ ನನ್ನ ಕೈಲೆ ಆಗೂದಿಲ್ಲ.”

ಚಾಪೆಯ ಮೇಲಿಂದ ಸಣ್ಣ ದನಿ ಬಂತು. ರೇಣವ್ವ ಕಣ್ಣು ತೆರೆದಿದ್ದಳು. ಅವಳ ನೋಟ ಅತ್ತೆಯ ಕಡೆಗಿರಲಿಲ್ಲ. ತಲೆಬಾಗಿಲ ಹೊಸ್ತಿಲ ಮೇಲೆ ಕೂತು ಹುಣಸೆಬೀಜ ಜೋಡಿಸುತ್ತಿದ್ದ ಮಗಳ ಕಡೆಗಿತ್ತು.

“ಕದಾ ಬಿಚ್ಚರಿ ಕಾಕಾ,” ಎಂದಳು. “ನನ್ನ ಕೂಸು ದಿನಾ ಅದ ಬಾಗಿಲದಾಗ ಆಡತೈತಿ.”

ಮೋನಪ್ಪ ಬಿಗಿದ ತಿರುಪನ್ನು ಸಡಿಲಿಸಿದ. ಆಮೇಲೆ ಪುಡಿ ಅವಳ ಮೇಲೆ ಬೀಳದಂತೆ ತನ್ನ ಟವೆಲ್ಲನ್ನು ಅಡ್ಡ ಕಟ್ಟಿ, ಮೊದಲ ಮರದ ಸರಳಿಗೆ ಗರಗಸ ಹಚ್ಚಿದ.