ಗೋಡೆಯಿಂದ ಎರಡು ಹೆಜ್ಜೆ

"ಇವತ್ತಾದ್ರೂ ಅವನ ಫೋಟೋ ತೆಗಿಯಮ್ಮಾ," ಎಂದರು ಅತ್ತೆ, ಬಾಗಿಲಲ್ಲೇ ನಿಂತು. "ನಾಳೆ ಆ ವಾಚ್ ರಿಪೇರಿಯವರು ಮನೆಗೆ ಬರ್ತಾರೆ. ಎಷ್ಟು ಸಲ ಹೇಳ್ಲಿ?"

"ತೆಗೀತೀನಿ ಅತ್ತೆ." ಸೊಸೆಯ ಕಣ್ಣು ಕ್ಯಾಮೆರಾದಲ್ಲೇ ಇತ್ತು.

ಅತ್ತೆ ಒಳಗೆ ಕಾಲಿಡಲಿಲ್ಲ. ಮಗನ ಮುಖಕ್ಕೆ ಮುಖ ಕೊಟ್ಟು ಅವರು ಕೂತು ಎಷ್ಟೋ ಕಾಲವಾಗಿತ್ತು.

ಕ್ಯಾಮೆರಾ ಅವನದೇ. ಮದುವೆಯ ಹೊಸತರಲ್ಲಿ ಕಲಿಸುತ್ತೇನೆ ಎಂದಿದ್ದ. ಕಲಿಸಲಿಲ್ಲ. ಕೊನೆಗೆ ಅವಳೇ ಸಂಜೆಯ ತರಗತಿಗೆ ಸೇರಿದಳು. ಅವಳಿಗೆ ಬೇಕಿದ್ದದ್ದು ಒಂದೇ ಒಂದು ಚಿತ್ರ: ಅವನು ಮಾತ್ರ ಸ್ಪಷ್ಟ, ಹಿಂದಿನದೆಲ್ಲ ಮಂಜು. ಅದೊಂದು ಕೈಗೆ ಬಂದರೆ ಸಾಕು, ನಾಳೆ ಬರುವವನಿಗೆ ಹೇಳಬೇಕಾದ್ದನ್ನು ಹೇಳಿಬಿಡಬಹುದು.

ಫೋಟೋ ಮೇಷ್ಟ್ರಿಗೆ ಹುಡುಗರಿಟ್ಟ ಹೆಸರು ಮಸುಕಪ್ಪ. ತಾವು ಮೆಚ್ಚಿದ ಛಾಯಾಗ್ರಾಹಕರ ಚಿತ್ರಗಳಿದ್ದ ದಪ್ಪ ಪುಸ್ತಕವೊಂದನ್ನು ಅವರು ಮಗುವಿನಂತೆ ಎತ್ತಿಕೊಂಡು ಬರುತ್ತಿದ್ದರು. ಅದರಲ್ಲಿ ಒಬ್ಬಾಕೆ ತೆಗೆದ ಮುದುಕನ ಮುಖವನ್ನು ಅವಳು ದಾಟಿ ಹೋಗಲಾರಳು. ರೆಪ್ಪೆಯ ಕೂದಲು ಎಣಿಸಬಹುದು. ಕಿವಿ ಆಗಲೇ ಕರಗಿದೆ. ಬೆನ್ನ ಹಿಂದಿನ ಬೀದಿ ಬರೀ ಬಣ್ಣ.

"ಲೆನ್ಸಿನ ಕಿಂಡಿ, ಆ ಅಪರ್ಚರ್, ಪೂರ್ತಿ ತೆರೆದ್ರೂ ನಮ್ಮನೆಯವರ ಕಿವಿ ಕರಗ್ತಿಲ್ಲ ಸರ್. ಹಿಂದಿನ ಗೋಡೆನೂ ಅಷ್ಟೇ," ಎಂದು ನಿನ್ನೆ ಕೇಳಿದ್ದಳು.

"ಗೋಡೆಗೆ ಅಂಟ್ಕೊಂಡಿದ್ರೆ ಎಲ್ಲಿ ಕರಗುತ್ತಮ್ಮಾ? ಎರಡು ಹೆಜ್ಜೆ ಮುಂದೆ ಕರಿ ಅವರನ್ನ."

"ಕರೆದೆ ಸರ್. ಬರಲ್ಲ."

"ಗೋಡೆಗೆ ಒರಗೋದು ಗಂಡಸರ ಕಸುಬೇ ಅಲ್ವಾ ಅಕ್ಕಾ," ಎಂದಳು ಪಕ್ಕ ಕೂತಿದ್ದ ಬೇಕರಿಯವಳು. ತರಗತಿ ನಕ್ಕಿತು. ಅವಳೂ ನಕ್ಕಳು, ಸ್ವಲ್ಪ ತಡವಾಗಿ.

ಈಗ ಮತ್ತೆ ಫೋಕಸ್ ಹಿಡಿದಳು. ಅವನ ಎಡಗಣ್ಣು. ಕಿಟಕಿಯ ಬೆಳಕು ಅವನ ಹಣೆಯ ಮೇಲೆ ಹೊಳೆಯಿತು. ಅವಳು ಒಂದು ಮಗ್ಗುಲಿಗೆ ಸರಿದಳು. ಅವನು ಸರಿಯಲಿಲ್ಲ. ಅಜ್ಜಿಯ ಕಥೆಗಳಲ್ಲಿ ಪ್ರೀತಿಯಿಂದ ಕರೆದರೆ ಕಲ್ಲಾದ ರಾಜಕುಮಾರನೂ ತಿರುಗಿ ನೋಡುತ್ತಿದ್ದ. ಅವಳು ಮೆಲ್ಲಗೆ ಕರೆದಳು. ಅವನು ಅದೇ ಅರ್ಧ ನಗುವಿನಲ್ಲಿ ನೋಡುತ್ತಲೇ ಇದ್ದ.

ಕ್ಲಿಕ್. ಗೋಡೆಯ ಬಿರುಕು ಅವನ ಹುಬ್ಬಿನಷ್ಟೇ ಸ್ಪಷ್ಟ.

"ನಂಗಾಗಲ್ಲ ಅತ್ತೆ." ಕ್ಯಾಮೆರಾ ಮಡಿಲಿಗೆ ಜಾರಿತು.

"ನೀನು ಇವನ್ನೇ ನೋಡ್ತಾ ಕೂತ್ರೆ ಆ ಮನುಷ್ಯನ್ನ ಯಾವಾಗ ನೋಡ್ತೀಯೇ? ಒಳ್ಳೆಯವರು. ನಾನೇ ವಿಚಾರಿಸಿದ್ದೀನಿ."

"ನಿಮ್ಮ ಮಗ ಅತ್ತೆ ಇವರು."

"ನನಗೆ ಗೊತ್ತಿಲ್ವಾ?" ಅತ್ತೆಯ ದನಿ ಒಡೆಯಿತು. "ಸರಿ ಬಿಡು, ನಾನೇ ತೆಗೀತೀನಿ."

ಅವಳು ತಲೆಯೆತ್ತಿದಳು. ಅತ್ತೆಗೆ ಕ್ಯಾಮೆರಾ ಹಿಡಿಯಲೂ ಬಾರದು.

ಅತ್ತೆ ಒಳಗೆ ಬಂದು, ಸ್ಟೂಲು ಎಳೆದು ಹತ್ತಿ, ಗಾಜನ್ನು ಅಂಗೈಯಿಂದ ಒರೆಸಿ, ಸೊಸೆಯನ್ನು ಮದುವೆಗೆ ಕೇಳಲು ಬರುವವನ ಕಣ್ಣಿಗೆ ಬೀಳದಂತೆ ತೀರಿಕೊಂಡ ಮಗನನ್ನು ಮೊಳೆಯಿಂದ ಕೆಳಗಿಳಿಸಿದರು.