ತೂಕ ಇಳಿಯದ ಮಣ್ಣು

ಲ್ಯಾಬಿನ ಕುಲುಮೆಯಲ್ಲಿ ಸುಟ್ಟು ತೆಗೆದ ಮಣ್ಣನ್ನು ನಾದಿನಿ ಮತ್ತೆ ತೂಕಕ್ಕಿಟ್ಟಳು. ಕಾಡು ಕಡಿದು ಮಾಡಿದ ಹೊಲದ್ದು. ತೂಕ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಬೆಳೆ ಕೈಕೊಟ್ಟು ಕಂಗಾಲಾಗಿದ್ದ ಭಾವ, ಕೆನ್ನೆ ಬಾತುಕೊಂಡಿದ್ದರೂ, ಮೀಸೆ ತಿರುವಿದ. “ನೋಡಿದ್ಯಾ, ಬೆಂಕಿಗೂ ಬಗ್ಗಲಿಲ್ಲ. ಗಟ್ಟಿ ಮಣ್ಣು.”

“ಎಲೆ ಕೊಳೆತು ಸೇರಿದ ಸತ್ವ ಮಾತ್ರ ಸುಡೋದು, ಭಾವ. ಇದರಲ್ಲಿ ಸುಡೋಕೆ ಏನೂ ಉಳಿದಿಲ್ಲ.”

ಎರಡನೆಯ ಬಟ್ಟಲಿನ ಮಣ್ಣು ಸುಟ್ಟು ಚೆನ್ನಾಗಿ ಹಗುರವಾಗಿತ್ತು. “ಇದು ಬಂಗಾರದಂಥ ಮಣ್ಣು. ಎಲ್ಲಿಯದು?”

ಭಾವನ ಕೈ ಮೀಸೆಯಿಂದ ಕೆನ್ನೆಗೆ ಜಾರಿತು. “ಹೊಲದಲ್ಲಿ ಉಳಿದಿರೋ ಒಂದೇ ಮರದ ಬುಡದ್ದು. ಹೆಜ್ಜೇನು ಕಟ್ಟಿತ್ತಲ್ಲ, ಕಡಿಯೋಕೆ ಧೈರ್ಯ ಬರ್ಲಿಲ್ಲ.”

“ಹಾಗಾದ್ರೆ ಇಷ್ಟು ವರ್ಷದಲ್ಲಿ ಆ ಹೊಲಕ್ಕೆ ನೀವು ಹಾಕಿರೋ ಒಳ್ಳೇ ಗೊಬ್ಬರ ಅಂದ್ರೆ ನಿಮ್ಮ ಪುಕ್ಕಲುತನ ಒಂದೇ.”