ಮುಗಿಯದ ಹತ್ತು ನಿಮಿಷ

ಕೊಟ್ರೇಶ ದಾವಣಗೆರೆಯ ಸಣ್ಣ ಆಫೀಸೊಂದರಲ್ಲಿ ವೆಬ್‌ಸೈಟ್ ಮಾಡುವ ಹುಡುಗ. ಕೆಲಸದಲ್ಲಿ ಬಲು ಚುರುಕು…

ಒಂದು ದಿನ ಖಾಸಗಿ ಕಾಲೇಜೊಂದರ ಅಡ್ಮಿಷನ್ ಪೇಜ್ ಅವನ ಕೈಗೆ ಬಂತು.

"ಒಂದು ಟೈಮರ್ ಹಾಕಪ್ಪ. ಸೀಟು ಮುಗಿಯೋಕೆ ಇನ್ನು ಹತ್ತೇ ನಿಮಿಷ ಅಂತ ಓಡ್ತಿರ್ಲಿ," ಎಂದರು ಆಫೀಸಿನ ಮಾಲೀಕರು.

"ಹತ್ತು ನಿಮಿಷ ಆದ್ಮೇಲೆ ಸರ್?"

"ಮತ್ತೆ ಹತ್ತರಿಂದ ಶುರುವಾಗ್ಲಿ! ಜನಕ್ಕೆ ಯೋಚನೆ ಮಾಡೋಕೆ ಬಿಟ್ರೆ ಯಾರು ಸೇರ್ತಾರೆ?"

ಕೊಟ್ರೇಶ ನಕ್ಕ. ಕೋಡ್ ಬರೆದ. ಅಂಕಿಗಳು ಸೆಕೆಂಡಿಗೊಂದರಂತೆ ಇಳಿಯತೊಡಗಿದವು…

ಕೊನೆಯ ನಿಮಿಷದಲ್ಲಿ ಅವು ಕೆಂಪಾಗಿ ಮಿಣುಕುವಂತೆ ಮಾಡಿದ್ದು ಅವನದೇ ಐಡಿಯಾ. ಯಾರೂ ಹೇಳಿರಲಿಲ್ಲ.

ಕೆಲವು ವಾರಗಳ ನಂತರ ಅಕ್ಕನ ಫೋನ್ ಬಂತು. ಬರೀ ಅಳು. "ಬೇಗ ಬಾರೋ…"

ಅಕ್ಕನ ಮಗಳು ಸಿಂಚನಾಗೆ ಸರ್ಕಾರಿ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅವಳು ಆಸೆಪಟ್ಟಿದ್ದೇ ಅದನ್ನು. ಆದರೆ ಅಲ್ಲಿ ಸೇರಲು ಬೇಕಾದ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೈಯಲ್ಲಿರಲಿಲ್ಲ!

ಟೈಲರ್ ಕೆಲಸದ ಭಾವ ಹಾಲೇಶಪ್ಪ, ಎಲ್ಲೂ ಸೀಟು ಸಿಗದಿದ್ದರೆ ಎಂಬ ಭಯಕ್ಕೆ ಮಗಳನ್ನು ಆಗಲೇ ಖಾಸಗಿ ಕಾಲೇಜೊಂದರಲ್ಲಿ ಬಿಸಿಎಗೆ ಸೇರಿಸಿ, ಒರಿಜಿನಲ್ ಒಪ್ಪಿಸಿ ಬಂದಿದ್ದರು.

ಕೊಟ್ರೇಶ ಕಾಲೇಜಿನ ಹೆಸರನ್ನು ಎರಡೆರಡು ಸಲ ಕೇಳಿದ. ಅವನು ಟೈಮರ್ ಹಾಕಿದ್ದ ಅದೇ ಕಾಲೇಜು…

ಭಾವ, ಸಿಂಚನಾ, ಕೊಟ್ರೇಶ ಮೂವರೂ ಅಲ್ಲಿಗೆ ಓಡಿದರು. ಕಾಲೇಜಿನ ಆಫೀಸಿನವರು ತಲೆಯನ್ನೂ ಎತ್ತಲಿಲ್ಲ.

"ಪೂರ್ತಿ ಕೋರ್ಸಿನ ಫೀಸ್ ಕಟ್ಟಿ, ತಗೊಂಡು ಹೋಗಿ."

ಹಾಲೇಶಪ್ಪ ಕೈ ಮುಗಿದರು. ಕೊಟ್ರೇಶ ಕೂಗಾಡಿದ. ಏನೂ ಆಗಲಿಲ್ಲ.

ಗೇಟಿನ ಹೊರಗೆ ಬಂದಾಗ ಹಾಲೇಶಪ್ಪ ಮೆಲ್ಲಗೆ ಹೇಳಿದರು…

"ಅವತ್ತು ನಿನ್ನನ್ನೊಂದು ಮಾತು ಕೇಳೋಣ ಅಂತಿದ್ದೆ ಕಣೋ. ಅಷ್ಟರಲ್ಲಿ ಮೊಬೈಲ್‌ನಲ್ಲಿ ಆ ಟೈಮಿನ ಅಂಕಿಗಳು ಕೆಂಪಗಾಗಿ ಮಿಣುಕೋಕೆ ಶುರುವಾದ್ವು. ನಿನಗೆ ಫೋನ್ ಮಾಡ್ತಾ ಕೂತ್ರೆ ಸೀಟು ಹೋಗುತ್ತೆ ಅಂತ ದುಡ್ಡು ಕಟ್ಟೇಬಿಟ್ಟೆ."

ಕೊಟ್ರೇಶನ ಕಣ್ಣು ತುಂಬಿತು. "ಅದನ್ನ ಮಾಡಿದ್ದು ನಾನೇ ಭಾವ… ಬರೀ ಸುಳ್ಳು. ಅದು ಮುಗಿಯೋದೇ ಇಲ್ಲ."

ಹಾಲೇಶಪ್ಪ ಬಯ್ಯಲಿಲ್ಲ. ಅರ್ಥವಾಗದವರಂತೆ ಅವನ ಮುಖವನ್ನೇ ನೋಡಿದರು.

ಸಿಂಚನಾ ಕೇಳಿದಳು: "ಅದನ್ನ ಬರೆಯೋಕೆ ಎಷ್ಟೊತ್ತು ಹಿಡೀತು ಮಾಮ?"

"ಅರ್ಧ ಗಂಟೆ…"

ಅವಳು ಅಪ್ಪನ ಕೈ ಹಿಡಿದು ಬಸ್ ಸ್ಟಾಪಿನ ಕಡೆ ನಡೆದಳು. ತಿರುಗಿ ನೋಡಲಿಲ್ಲ.

ಕೃಷಿ ಕಾಲೇಜಿನ ಸೀಟು ಬೇರೆಯವರ ಪಾಲಾಯಿತು.

ಕೊಟ್ರೇಶ ಟೈಮರ್ ಕಿತ್ತುಹಾಕಿ ಕೆಲಸ ಬಿಟ್ಟ. ಮಾಲೀಕರು ಮರುದಿನವೇ ಬೇರೊಬ್ಬನಿಂದ ಅದನ್ನು ಮತ್ತೆ ಹಾಕಿಸಿದರು!

ಸಿಂಚನಾ ಈಗ ಬಿಸಿಎ ಓದುತ್ತಿದ್ದಾಳೆ. ಹಬ್ಬಕ್ಕೆ ಬಂದ ಮಾಮನಿಗೆ ನೀರು ತಂದುಕೊಡುತ್ತಾಳೆ… ಮಾತನಾಡುವುದಿಲ್ಲ.

*ನಾವು ತೋಡಿದ ಗುಂಡಿಗೆ ನಮ್ಮವರೇ ಬೀಳಬೇಕೆಂದಿಲ್ಲ… ಬಿದ್ದವರೆಲ್ಲ ಯಾರದೋ ಮನೆಯವರೇ.*

ನೀವು ಮಾಡುವ ಕೆಲಸದ ಆ ತುದಿಯಲ್ಲಿ ಯಾರು ಕೂತಿದ್ದಾರೆ ಎಂದು ಒಮ್ಮೆಯಾದರೂ ಯೋಚಿಸಿದ್ದೀರಾ?